ಕೆಂಪು ದೀಪದಲ್ಲಿ ನಿಂತಿದ್ದವನ ಅಪರಾಧ

ಸಿಗ್ನಲ್ಲಿನ ಕೆಂಪು ಅಂಕಿ 43ರಲ್ಲಿತ್ತು. ಗೇರು ನ್ಯೂಟ್ರಲ್‌ನಲ್ಲಿತ್ತು, ಹ್ಯಾಂಡ್‌ಬ್ರೇಕ್ ಎಳೆದಿದ್ದೆ, ಜೀಬ್ರಾ ಪಟ್ಟೆಯನ್ನು ಚಕ್ರ ಮುಟ್ಟದಂತೆ ನಿಲ್ಲಿಸಿದ್ದೇನೆಂಬ ಸಣ್ಣ ಹೆಮ್ಮೆಯೂ ಇತ್ತು. ಅಂಕಿ 38ಕ್ಕೆ ಇಳಿಯುವಷ್ಟರಲ್ಲಿ ಹಿಂದಿನಿಂದ ಬಂದ ದೊಡ್ಡ ಕಾರೊಂದು ನನ್ನ ಕಾರಿನ ಡಿಕ್ಕಿಗೇ ಡಿಕ್ಕಿ ಹೊಡೆಯಿತು. (ಎರಡಕ್ಕೂ ಒಂದೇ ಪದವನ್ನು ಇಟ್ಟುಕೊಂಡ ನಮ್ಮ ಆಡುಮಾತಿಗೆ ಇಂಥದ್ದೆಲ್ಲ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ.) ಕೆಳಗಿಳಿದ ಮಹನೀಯರು ಮೊದಲು ಬಗ್ಗಿ ತಮ್ಮ ಬಂಪರನ್ನು ನೋಡಿ, ಅಂಗೈಯಿಂದ ಸವರಿ, ‘ನಮ್ಮದಕ್ಕೇನೂ ಆಗಿಲ್ಲ ಬಿಡಿ’ ಎಂದು ನನಗೇ ಸಮಾಧಾನ ಹೇಳಿದರು. ಆಮೇಲೆ ಒಳಕ್ಕೆ ಕುಸಿದಿದ್ದ ನನ್ನ ಡಿಕ್ಕಿಯತ್ತ ಕಣ್ಣು ಹಾಯಿಸಿ, ‘ಇನ್ಶೂರೆನ್ಸ್ ಇದೆಯಲ್ಲ ಸಾರ್, ಕ್ಲೇಮ್ ಮಾಡಿಕೊಳ್ಳಿ’ ಎಂದರು. ದೀಪ ಹಸಿರಾಯಿತು. ಅವರು ಹೊರಟರು.

ಕ್ಲೇಮ್ ಮಾಡಿಕೊಳ್ಳಬಹುದು, ಅದರಲ್ಲಿ ಸಂಶಯವಿಲ್ಲ. ಆದರೆ ಭಾರತದ ವಾಹನ ವಿಮೆಯಲ್ಲಿ ‘ನೋ ಕ್ಲೇಮ್ ಬೋನಸ್’ ಎಂಬ ಒಂದು ಏಣಿಯಿದೆ. ಒಂದು ವರ್ಷ ಏನನ್ನೂ ಕೇಳದಿದ್ದರೆ, ನಮ್ಮದೇ ವಾಹನದ ಹಾನಿಗೆಂದು ಕಟ್ಟುವ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ, ಎರಡನೆಯ ವರ್ಷವೂ ಕೇಳದಿದ್ದರೆ ಶೇ. 25, ಆಮೇಲೆ 35, 45, ಐದನೆಯ ವರ್ಷದ ಕೊನೆಗೆ 50. ಏಣಿಯನ್ನು ಹತ್ತುವುದಕ್ಕೆ ಐದು ವರ್ಷ ಬೇಕು, ಇಳಿಯುವುದಕ್ಕೆ ಒಂದು ಅರ್ಜಿ ಸಾಕು. ಒಮ್ಮೆ ಕೇಳಿದರೆ 50ರಿಂದ 45ಕ್ಕೋ 35ಕ್ಕೋ ಇಳಿಯುವುದಿಲ್ಲ, ನೇರವಾಗಿ ಸೊನ್ನೆಗೆ ಬರುತ್ತೇವೆ. ಮೇಲಿನ ಮೆಟ್ಟಿಲಿನಿಂದ ಕೆಳಕ್ಕೆ ತಳ್ಳಿದವರು ಯಾರೆಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ.

ಈ ಬೋನಸ್ಸಿನ ಹೆಸರನ್ನು ನಾವು ಸರಿಯಾಗಿ ಓದಿಕೊಂಡಿಲ್ಲವೆಂಬುದು ನನಗೆ ತಡವಾಗಿ ಹೊಳೆಯಿತು. ಅದು ಅಪಘಾತ ಮಾಡದವನಿಗೆ ಕೊಡುವ ಬಹುಮಾನವಲ್ಲ, ಕೇಳದವನಿಗೆ ಕೊಡುವ ಬಹುಮಾನ. ವರ್ಷಕ್ಕೆ ನಾಲ್ಕು ಗೇಟು, ಎರಡು ವಿದ್ಯುತ್ ಕಂಬಗಳಿಗೆ ಗುದ್ದಿ, ಗುಟ್ಟಾಗಿ ಟಿಂಕರಿಂಗ್ ಮಾಡಿಸಿಕೊಂಡು ಬಂದವನು ಐದನೆಯ ವರ್ಷಕ್ಕೆ ಶೇ. 50ರ ಪುಣ್ಯಾತ್ಮನೆನಿಸಿಕೊಳ್ಳುತ್ತಾನೆ, ನಿಲ್ಲಿಸಿದ ಕಾರಿನ ಮೇಲೆ ಗಾಳಿಮಳೆಗೆ ಮರ ಬಿದ್ದವನು ಪಾಪಿಯಾಗುತ್ತಾನೆ. ಈ ಬೋನಸ್ಸು ಕಾರಿಗೆ ಸೇರಿದ್ದಲ್ಲ, ಮಾಲೀಕನಿಗೆ ಸೇರಿದ್ದು. ಕಾರನ್ನು ಮಾರಿದರೂ ಅದು ನಮ್ಮೊಂದಿಗೇ ಉಳಿಯುತ್ತದೆ, ಪತ್ರ ಮಾಡಿಸಿಟ್ಟುಕೊಂಡರೆ ಮೂರು ವರ್ಷದವರೆಗೆ ಹೊಸ ಕಾರಿಗೆ ಬಳಸಿಕೊಳ್ಳಬಹುದು. ಸದ್ಗುಣ ಮನುಷ್ಯನಲ್ಲಿರುತ್ತದೆಯೇ ಹೊರತು ಕಬ್ಬಿಣದಲ್ಲಲ್ಲ ಎಂಬ ಈ ತತ್ತ್ವ ನನಗೂ ಒಪ್ಪಿಗೆಯೇ. ಆದರೆ ರಾತ್ರಿ ನಾನು ಮಹಡಿಯಲ್ಲಿ ನಿದ್ದೆಹೋಗಿದ್ದಾಗ ಕೆಳಗೆ ನಿಂತ ಕಾರಿಗೆ ಯಾರೋ ಉಜ್ಜಿಕೊಂಡು ಹೋದರೆ, ನಿದ್ದೆಯಲ್ಲಿದ್ದ ನನ್ನ ಸದ್ಗುಣ ಯಾವ ದಾರಿಯಿಂದ ಸೋರಿಹೋಗುತ್ತದೆ ಎಂಬುದನ್ನು ಈ ತತ್ತ್ವ ವಿವರಿಸುವುದಿಲ್ಲ.

ನಿಜವಾದ ಸೊಗಸು ಇರುವುದು ಡಿಕ್ಕಿ ಹೊಡೆದವರ ಕಡೆಯಲ್ಲಿ. ಬೋನಸ್ಸು ಸ್ವಂತ ವಾಹನದ ಹಾನಿಯ ಭಾಗಕ್ಕೆ ಮಾತ್ರ ಸಂಬಂಧಿಸಿದ್ದು. ಮೂರನೆಯವರಿಗೆ, ಅಂದರೆ ನನ್ನಂತೆ ಗುದ್ದಿಸಿಕೊಂಡವರಿಗೆ, ಮಾಡಿದ ಹಾನಿಗೆ ಅವರ ವಿಮಾ ಕಂಪನಿ ಪರಿಹಾರ ತೆತ್ತರೂ ಅವರ ಬೋನಸ್ಸಿನ ಒಂದು ಕೂದಲೂ ಕೊಂಕುವುದಿಲ್ಲ. ಅಂದರೆ ಹಿಂದಿನಿಂದ ಬಂದು ಗುದ್ದಿದವರು, ತಮ್ಮ ಬಂಪರಿಗೆ ಏನೂ ಆಗದಿದ್ದ ಕಾರಣ ತಾವೇನನ್ನೂ ಕೇಳಬೇಕಾಗಿಲ್ಲವಾದ್ದರಿಂದ, ಮುಂದಿನ ನವೀಕರಣದಲ್ಲಿ ಇನ್ನೊಂದು ಮೆಟ್ಟಿಲು ಮೇಲೇರುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆದು ಕುಳಿತಿದ್ದವನು ಕೇಳಿದ ತಪ್ಪಿಗೆ ನೆಲಕ್ಕೆ ಬರುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆವು. ಇಲ್ಲಿ ಬರೆಯ ಕಬ್ಬಿಣ ಕಾಯಿಸಿದ ಸೌದೆಯ ಖರ್ಚನ್ನೂ ಎಮ್ಮೆಯಿಂದಲೇ ವಸೂಲು ಮಾಡುತ್ತಾರೆ.

ಖರ್ಚು ಎಷ್ಟೆಂಬುದನ್ನು ಒಂದು ಸಂಜೆ ಕುಳಿತು ಲೆಕ್ಕ ಹಾಕಿದೆ. ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿಗೆ ಮುಂಚೆ ವರ್ಷಕ್ಕೆ 12,000 ರೂಪಾಯಿ ಎಂದಿಟ್ಟುಕೊಳ್ಳೋಣ, ಅದು ಹೆಚ್ಚುಕಡಿಮೆಯಾಗದೆ ಹಾಗೇ ಇರುತ್ತದೆಂದೂ ಭಾವಿಸೋಣ. ಶೇ. 50ರ ಬೋನಸ್ಸಿದ್ದವನು 6,000 ಕಟ್ಟುತ್ತಿದ್ದಾನೆ. ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷ ಪೂರಾ 12,000, ಅದರ ಮುಂದಿನ ವರ್ಷ 9,600, ಬಳಿಕ 9,000, 7,800, 6,600, ಮತ್ತು ಆರನೆಯ ವರ್ಷಕ್ಕೆ ಮರಳಿ 6,000. ಐದು ವರ್ಷಗಳಲ್ಲಿ ಹೆಚ್ಚಾಗಿ ತೆತ್ತದ್ದು 15,000 ರೂಪಾಯಿ, ಶೇ. 18ರ ಜಿಎಸ್‌ಟಿ ಸೇರಿಸಿದರೆ 17,700. ಡಿಕ್ಕಿ ಒಳಗೆ ಹೋದದ್ದು ಐದು ಸೆಕೆಂಡಿನಲ್ಲಿ, ಅದರ ಕಂತು ಐದು ವರ್ಷ. ಇತ್ತ ಸಿಗುವ ಪರಿಹಾರವೂ ಪೂರ್ತಿಯಲ್ಲ: ಸವಕಳಿಯಿಲ್ಲದ ವಿಶೇಷ ರಕ್ಷಣೆಯನ್ನು ಬೇರೆಯಾಗಿ ಕೊಂಡಿರದಿದ್ದರೆ ಪ್ಲಾಸ್ಟಿಕ್ ಬಂಪರಿನ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ, ಅದರ ಮೇಲೆ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿಯ ಕಡ್ಡಾಯ ಕಡಿತವೂ ಇದೆ. ಹೀಗಾಗಿ ಸಣ್ಣಪುಟ್ಟ ರಿಪೇರಿಗೆ ವಿಮೆಯನ್ನು ಮುಟ್ಟದಿರುವುದೇ ಜಾಣತನ. ಪ್ರತಿವರ್ಷ ಹಣ ಕಟ್ಟಿ ಕೊಂಡ ವಸ್ತುವನ್ನು ಬಳಸದೆ ಕಾಪಾಡಿಕೊಳ್ಳುವುದರಲ್ಲಿ ಮದುವೆಯ ರೇಷ್ಮೆ ಸೀರೆಯ ನಂತರದ ಸ್ಥಾನ ಕಾರಿನ ಪಾಲಿಸಿಗೇ ಸಲ್ಲಬೇಕು.

ಇದನ್ನು ಗ್ಯಾರೇಜಿನವರು ನಮಗಿಂತ ಮೊದಲೇ ಬಲ್ಲರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ ಸರ್ವಿಸ್ ಅಡ್ವೈಸರ್ ಗಾಯವೇನೆಂದು ಹೇಳುವ ಮುನ್ನವೇ ‘ಕ್ಲೇಮೋ, ಕ್ಯಾಶೋ?’ ಎಂದು ಕೇಳಿದರು. ‘ತಪ್ಪು ನನ್ನದಲ್ಲ, ನಾನು ನಿಂತಿದ್ದೆ’ ಎಂದೆ. ‘ಎಲ್ಲರೂ ನಿಂತೇ ಇರ್ತಾರೆ ಸಾರ್’ ಎಂದರು ಅವರು, ನೋವಿಲ್ಲದ ದನಿಯಲ್ಲಿ.

ಆ ಮಾತಿನಲ್ಲಿ ಕಂಪನಿಗಳ ಪರವಾದ ವಾದವೂ ಅಡಗಿದೆಯೆಂಬುದನ್ನು ಒಪ್ಪಬೇಕು. ‘ಅಪಘಾತ ಹೇಗಾಯಿತು’ ಎಂಬ ಅರ್ಜಿಯ ಅಂಕಣದಲ್ಲಿ ‘ನನ್ನ ತಪ್ಪಿನಿಂದ’ ಎಂದು ಬರೆದ ಮಹಾತ್ಮರು ಅಪರೂಪ, ಮತ್ತು ಪ್ರತಿಯೊಂದು ಬಂಪರಿನ ಸತ್ಯಶೋಧನೆಗೆ ಹೊರಟರೆ ಅದರ ಖರ್ಚು ಬಂಪರನ್ನೇ ಮೀರುತ್ತದೆ. ಆದರೆ ಸತ್ಯವನ್ನು ಹುಡುಕುವುದು ದುಬಾರಿಯೆಂದ ಮಾತ್ರಕ್ಕೆ ಅದರ ಬಿಲ್ಲನ್ನು ಸತ್ಯ ಹೇಳಿದವನಿಗೇ ಕಳುಹಿಸುವುದು ಯಾವ ಮಿತವ್ಯಯವೋ ತಿಳಿಯದು. ಮೋಟಾರು ವಾಹನ ಕಾಯ್ದೆಯ 164ನೆಯ ಕಲಮು, ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ 5 ಲಕ್ಷ, ತೀವ್ರವಾಗಿ ಗಾಯಗೊಂಡವರಿಗೆ 2.5 ಲಕ್ಷ ರೂಪಾಯಿಯನ್ನು ತಪ್ಪು ಯಾರದೆಂದು ಸಾಬೀತುಪಡಿಸುವ ಗೋಜಿಲ್ಲದೆ ಕೊಡಿಸುತ್ತದೆ. ಅದು ಕರುಣೆಯಿಂದ ಹುಟ್ಟಿದ ನಿಯಮ. ಬೋನಸ್ಸಿನ ನಿಯಮವೂ ತಪ್ಪು ಯಾರದೆಂದು ಕೇಳುವುದಿಲ್ಲ, ಕೇಳದೆಯೇ ದಂಡ ಹಾಕುತ್ತದೆ.

ಹಾಗಾದರೆ ಹೊಡೆದವರ ಕಂಪನಿಯಿಂದಲೇ ಪಡೆಯಬಹುದಲ್ಲ ಎಂದು ನೀವು ಕೇಳಬಹುದು. ದಾರಿಯಿದೆ. ಪೊಲೀಸ್ ದೂರು ಕೊಟ್ಟು, ವಕೀಲರನ್ನು ಹಿಡಿದು, 6 ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿ, ಅವರ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕು. ಖಾಸಗಿ ಕಾರಿನ ಪಾಲಿಸಿಯಲ್ಲಿ ಇತರರ ಆಸ್ತಿಗೆ ಆದ ಹಾನಿಗೆಂದು ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿರುತ್ತದೆ. ಅಷ್ಟು ದೊಡ್ಡ ಖಜಾನೆಯ ಬಾಗಿಲಿಗೆ ಒಂದು ಬಂಪರು ಮತ್ತು ಅರ್ಧ ಡಿಕ್ಕಿಯನ್ನು ಹೊತ್ತು ವಾಯಿದೆಯಿಂದ ವಾಯಿದೆಗೆ ಅಲೆಯುವ ಧೈರ್ಯ ನನಗೆ ಬರಲಿಲ್ಲ.

ಇದಕ್ಕೆಲ್ಲ ಕಂಪನಿಗಳೇ ಒಂದು ಪರಿಹಾರವನ್ನು ಕಂಡುಹಿಡಿದು ಮಾರುತ್ತಿವೆ. ‘ಬೋನಸ್ ರಕ್ಷಣೆ’ ಎಂಬ ಹೆಚ್ಚುವರಿ ಸೌಲಭ್ಯಕ್ಕೆ ಇನ್ನಷ್ಟು ಹಣ ಕಟ್ಟಿದರೆ, ನಿಗದಿತ ಸಂಖ್ಯೆಯ ಕ್ಲೇಮುಗಳಾದರೂ ಬೋನಸ್ಸು ಉಳಿಯುತ್ತದೆ. ಕಾರಿಗೆ ವಿಮೆ, ವಿಮೆಯನ್ನು ಬಳಸದಿದ್ದುದಕ್ಕೆ ಬಹುಮಾನ, ಬಹುಮಾನಕ್ಕೆ ಮತ್ತೊಂದು ವಿಮೆ. ಕೊಟ್ಟ ಉಡುಗೊರೆಯನ್ನು ಕೊಟ್ಟವರೇ ಕಿತ್ತುಕೊಳ್ಳದಂತೆ ಕೊಟ್ಟವರಿಗೇ ಕಾವಲಿನ ಸಂಬಳ ತೆರುವ ಈ ಏರ್ಪಾಟನ್ನು ವಿವರಿಸಿದ ಹುಡುಗಿ ಫೋನಿನಲ್ಲಿ ಎಷ್ಟು ವಿನಯದಿಂದ ಮಾತಾಡಿದಳೆಂದರೆ, ನಾನೇ ಕೊನೆಗೆ ಕ್ಷಮೆ ಕೇಳಿ ಇಟ್ಟುಬಿಟ್ಟೆ.

ನಾನು ಕ್ಯಾಶ್ ಎಂದೆ. ಡಿಕ್ಕಿಯನ್ನು ಬಡಿದು ಸರಿಪಡಿಸಿದ್ದಾರೆ, ಬಣ್ಣ ಬಿಸಿಲಿನಲ್ಲಿ ಮಾತ್ರ ಬೇರೆಯಾಗಿ ಕಾಣುತ್ತದೆ. ಬಂಪರಿನ ಬಲ ತುದಿಯನ್ನು ಕೇಬಲ್ ಟೈ ಹಾಕಿ ಬಿಗಿದಿದ್ದೇನೆ. ಮೊನ್ನೆ ನವೀಕರಣದ ಸಂದೇಶ ಬಂತು: ‘ಅಭಿನಂದನೆಗಳು! ಸುರಕ್ಷಿತ ಚಾಲನೆಗಾಗಿ ನಿಮಗೆ ಶೇ. 50 ಬೋನಸ್’. ಹಿಂದಿನಿಂದ ಬಂದ ಆ ಮಹನೀಯರಿಗೂ ಇಷ್ಟರಲ್ಲಿ ಇಂಥದ್ದೇ ಅಭಿನಂದನೆ ತಲುಪಿರಬೇಕು. ಅವರ ಬಂಪರಿಗಂತೂ ಏನೂ ಆಗಿರಲಿಲ್ಲ.