ಅರ್ಧ ಬ್ರಷ್ಷು

ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಡುವ ಹಿಂದಿನ ರಾತ್ರಿ ಭಾವಮೈದುನ ನನ್ನ ಹಲ್ಲುಜ್ಜೋ ಬ್ರಷ್ಷನ್ನು ಅರ್ಧಕ್ಕೆ ಕತ್ತರಿಸಿಬಿಟ್ಟ. ಬೆನ್ನಿನ ಭಾರ ಇಳಿಸೋಕಂತೆ. "ಮೂರು ದಿನ ಹೊರೋರು ನೀವೇ ಭಾವ" ಅಂದ. ಅಡುಗೆಮನೆ ತಕ್ಕಡಿಯಲ್ಲಿ ನನ್ನ ಬನಿಯನ್ನು, ಕಾಲುಚೀಲ ಎಲ್ಲ ತೂಗಿದ. ಚಟ್ನಿಪುಡಿಯ ಸ್ಟೀಲ್ ಡಬ್ಬಿಗೆ ಕೈ ಹಾಕಿದಾಗ ಮಾತ್ರ ನನ್ನ ಹೆಂಡತಿ, "ಅದನ್ನ ಮುಟ್ಟಿದ್ರೆ ನೋಡು" ಅಂದಳು. ಡಬ್ಬಿ ತಕ್ಕಡಿ ಹತ್ತಲಿಲ್ಲ.

ಈ ಡಬ್ಬಿ ನಮ್ಮ ಮದುವೆಗೆ ಬಂದ ಉಡುಗೊರೆ. ಕೊಟ್ಟವರ ಹೆಸರು ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೆತ್ತಿದೆ. ಯಾರೆಂದು ಇಬ್ಬರಿಗೂ ನೆನಪಿಲ್ಲ. ಮುಚ್ಚಳಕ್ಕೆ ಅದರದ್ದೇ ಹಟ. ತೆಗೆಯಬೇಕೆಂದರೆ ಬರೋದಿಲ್ಲ, ಬೇಡವೆಂದಾಗ ತಾನೇ ಬಿಚ್ಚಿಕೊಳ್ಳುತ್ತದೆ. ಕೊಲರಾಡೋ ನದಿ ದಡದ ಕ್ಯಾಂಪಿನಲ್ಲಿ ತಿಂಡಿ ಎಲ್ಲವನ್ನೂ ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕು. ಸೈನ್ಯದವರು ಗುಂಡು ತುಂಬಿಡುವಂಥದ್ದು. ಇಲ್ಲದಿದ್ದರೆ ಅಳಿಲು ಬಿಡೋದಿಲ್ಲ. ಡಬ್ಬಿಯನ್ನೂ ಅಲ್ಲೇ ಇಟ್ಟೆವು. ಬೆಳಿಗ್ಗೆ ನೋಡಿದರೆ ಓಟ್ಸು, ಕಾಫಿಪುಡಿ, ಚಾಕೊಲೇಟು ಎಲ್ಲಕ್ಕೂ ಇಂಗು! ಪ್ಯಾಕೆಟ್ಟುಗಳನ್ನು ನಾನು ಒಂದೊಂದಾಗಿ ಒರೆಸಿದೆ. ಭಾವಮೈದುನ ತುಟಿ ಪಿಟಕ್ಕೆನ್ನದೆ ಓಟ್ಸ್ ಕಲಸಿದ. ಒಂದು ತುತ್ತು ತಿಂದು, ಮೇಲೆ ಇನ್ನೂ ಒಂದು ಚಮಚ ಪುಡಿ ಉದುರಿಸಿಕೊಂಡ.

ಇಳಿದ ದಾರಿಯ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಸೌತ್ ಕೈಬಾಬ್‌ನಲ್ಲಿ ಸುಮಾರು 11 ಕಿಲೋಮೀಟರ್, ಒಂದು ಹನಿ ನೀರಿಲ್ಲ. ಮಂಡಿಗಳು ಮೊದಲ ಗಂಟೆಯಲ್ಲೇ ಮುನಿಸಿಕೊಂಡವು. ಮಧ್ಯೆ ಹೇಸರಗತ್ತೆಗಳ ಸಾಲು ಬಂತು. ಅಲ್ಲಿನ ನಿಯಮದ ಪ್ರಕಾರ ಮನುಷ್ಯರೇ ಬದಿಗೆ ನಿಂತು ದಾರಿ ಬಿಡಬೇಕು. ಹೊರೆ ಅವಕ್ಕೂ ಇತ್ತು, ನನಗೂ ಇತ್ತು. ಮರ್ಯಾದೆ ಮಾತ್ರ ಅವಕ್ಕೆ. ಬಿಟ್ಟುಹೋದ ಉಚ್ಚೆಯ ಹೊಂಡ ದಾಟುವಾಗ ನನ್ನ ಬಾಯಿಂದ ಬಂದ ಮಾತು ಇಲ್ಲಿ ಬೇಡ.

ನಿಜಕ್ಕೂ ನಾನು ಹೋಗಿದ್ದು ಒಂದು ಕಲ್ಲು ಮುಟ್ಟೋಕೆ. ಕಮರಿಯ ತಳದಲ್ಲಿ ವಿಷ್ಣು ಶಿಸ್ಟ್ ಅನ್ನೋ ಕಪ್ಪು ಬಂಡೆ ಇದೆ, ಸುಮಾರು 170 ಕೋಟಿ ವರ್ಷ ಹಳೆಯದು. ಅಲ್ಲಿನ ಶಿಖರಗಳಿಗೂ ವಿಷ್ಣು, ಶಿವ ಅಂತ ಹೆಸರಿದೆ. ಇಟ್ಟವನು ನಮ್ಮವನಲ್ಲ, ಕ್ಲಾರೆನ್ಸ್ ಡಟನ್ ಅನ್ನೋ ಅಮೆರಿಕದ ಭೂವಿಜ್ಞಾನಿ. ಅಷ್ಟು ಹಳೆಯ ಕಲ್ಲಿನ ಮೇಲೆ ಕೈ ಇಟ್ಟರೆ ಏನಾದರೂ ಹೊಳೆಯುತ್ತೆ ಅಂತ ಮನೆಯಲ್ಲಿ ಸಾರಿಕೊಂಡೇ ಬಂದಿದ್ದೆ.

ಸಂಜೆ ಕೈ ಇಟ್ಟೆ. ಬಂಡೆ ಇನ್ನೂ ಬಿಸಿ ಇತ್ತು. ಕಣ್ಣು ಮುಚ್ಚಿದೆ. ಬೆರಳಿನಿಂದ ಇಂಗಿನ ವಾಸನೆ ಬಂತು. ಅರ್ಧ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಒಸಡು ಬೇರೆ ಉರಿಯುತ್ತಿತ್ತು. ಆದರೂ ಏನೋ ಹೊಳೆಯೋದರಲ್ಲಿತ್ತು, ಅಷ್ಟರಲ್ಲಿ ಹಿಂದಿನಿಂದ ಕೇಳಿಸಿತು: "ಭಾವ, ಡಬ್ಬಿ ಎಲ್ಲಿಟ್ರಿ?"