ಮುಡಿಯಿದ್ದವನಿಗೆ ಮುಕುಟ

ಆಸ್ತಿ ಹಂಚಿಕೆಯಲ್ಲಿ ನ್ಯಾಯವೆಂಬುದು ಅಕ್ಷರಶಃ ಪಾಲನೆಯಾದ ಜಾಗ ಈ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ, ಅದು ಆರನೆಯ ಶತಮಾನದ ಫ್ರಾಂಕರ ರಾಜಮನೆತನವೇ ಸರಿ. ಮೂವತ್ತು ವರ್ಷ ಆಳಿ, ಗಾಲ್ ದೇಶದ (ಇಂದಿನ ಫ್ರಾನ್ಸಿನ) ಬಹುಭಾಗವನ್ನು ಕೊಡಲಿಯ ಬಲದಿಂದಲೂ ಕ್ರೈಸ್ತ ದೀಕ್ಷೆಯ ಪುಣ್ಯದಿಂದಲೂ ಒಟ್ಟುಗೂಡಿಸಿದ್ದ ಕ್ಲೋವಿಸ್ ದೊರೆ 511ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ, ಅವನ ನಾಲ್ವರು ಮಕ್ಕಳು ಅದನ್ನು ಅಪ್ಪನ ಗದ್ದೆಯೆಂಬಂತೆ ನಾಲ್ಕು ಪಾಲು ಮಾಡಿಕೊಂಡರು. ಥ್ಯೂಡೆರಿಕ್‌ಗೆ ರೀಮ್ಸ್, ಕ್ಲೋಡೋಮರ್‌ಗೆ ಓರ್ಲಿಯನ್ಸ್, ಚಿಲ್ಡೆಬರ್ಟ್‌ಗೆ ಪ್ಯಾರಿಸ್, ಕ್ಲೋಥಾರ್‌ಗೆ ಸ್ವಾಸೋ. ಥ್ಯೂಡೆರಿಕ್ ಬೇರೆ ತಾಯಿಯ ಮಗನಾಗಿದ್ದರೂ ಅವನ ಪಾಲಿಗೆ ಕುಂದು ಬರಲಿಲ್ಲ; ಅಪ್ಪ ಬದುಕಿದ್ದಾಗಲೇ ದಂಡು ನಡೆಸಿ ಗೆದ್ದು ಬಂದವನ ಎದುರು ತಾಯಿಯ ವಿಚಾರ ಎತ್ತುವುದು ಸಭ್ಯತೆಯಲ್ಲವಷ್ಟೆ. ನಾಲ್ಕು ರಾಜಧಾನಿಗಳೂ ಉತ್ತರದಲ್ಲೇ, ಕುದುರೆ ಏರಿದರೆ ಕೆಲವೇ ದಿನಗಳ ದಾರಿಯಲ್ಲಿ, ಒತ್ತೊತ್ತಾಗಿದ್ದವು. ದಕ್ಷಿಣದ ಅಕ್ವಿಟೇನ್ ಪ್ರಾಂತ್ಯ ಯಾರೊಬ್ಬನಿಗೂ ಇಡಿಯಾಗಿ ಸೇರಿ ಉಳಿದವರ ಮನಸ್ಸು ನೋಯಬಾರದೆಂದು ಅದನ್ನೂ ಪ್ರತ್ಯೇಕವಾಗಿ ಹೋಳು ಮಾಡಲಾಯಿತು. ಹೀಗಾಗಿ ದೊರೆಯೊಬ್ಬ ತನ್ನ ರಾಜ್ಯದಿಂದ ತನ್ನದೇ ರಾಜ್ಯಕ್ಕೆ ಹೋಗಬೇಕಾದರೆ ಅಣ್ಣನದೋ ತಮ್ಮನದೋ ರಾಜ್ಯವನ್ನು ಹಾದುಹೋಗುವ ಸೌಭಾಗ್ಯ ಒದಗಿತು.

ಪಾಲು ದೊಡ್ಡದಾಗಬೇಕಾದರೆ ಪಾಲುದಾರರು ಕಡಿಮೆಯಾಗಬೇಕು ಎಂಬ ಲೆಕ್ಕ ಕ್ಲೋವಿಸ್‌ಗೆ ಮೊದಲೇ ತಿಳಿದಿತ್ತು. ಕಲೋನಿನ ಕುಂಟ ದೊರೆ ಸಿಗಿಬರ್ಟನ ಮಗನಿಗೆ, ನಿನ್ನಪ್ಪನಿಗೆ ವಯಸ್ಸಾಯಿತು, ಕಾಲೂ ಊನ, ಅವನು ಹೋದರೆ ರಾಜ್ಯ ನಿನ್ನದೇ ತಾನೇ ಎಂದು ಅವನು ಹೇಳಿ ಕಳಿಸಿದ. ಮಗ ಅಪ್ಪನನ್ನು ಮುಗಿಸಿ, ಪೆಟ್ಟಿಗೆಯ ಚಿನ್ನವನ್ನು ಕ್ಲೋವಿಸ್‌ನ ದೂತರಿಗೆ ತೋರಿಸಲು ಬಗ್ಗಿದಾಗ ಅವನ ತಲೆಗೂ ಕೊಡಲಿ ಬಿತ್ತು. ಇನ್ನೊಬ್ಬ ಬಂಧು ರಾಗ್ನಕಾರನನ್ನು ಕೈಕಟ್ಟಿ ಎದುರಿಗೆ ತಂದು ನಿಲ್ಲಿಸಿದಾಗ, ಹೀಗೆ ಕಟ್ಟಿಸಿಕೊಂಡು ನಮ್ಮ ಕುಲದ ಮಾನ ಕಳೆದೆ ಎಂದು ಗದರಿ ಅವನನ್ನು ಕಡಿದ. ಪಕ್ಕದಲ್ಲಿದ್ದ ಅವನ ತಮ್ಮನಿಗೆ, ನೀನು ಅಣ್ಣನಿಗೆ ನೆರವಾಗಿದ್ದರೆ ಅವನಿಗೆ ಈ ಗತಿ ಬರುತ್ತಿತ್ತೇ ಎಂದು ಕೇಳಿ ಅವನನ್ನೂ ಕಡಿದ. ಕೌಟುಂಬಿಕ ಮೌಲ್ಯಗಳ ಬಗ್ಗೆ ಇಷ್ಟು ಕಾಳಜಿಯಿದ್ದ ದೊರೆ ಕಡೆಗಾಲದಲ್ಲಿ, ಕಷ್ಟಕ್ಕೆ ಆಗಲು ನನಗೊಬ್ಬ ಬಂಧುವೂ ಉಳಿದಿಲ್ಲವಲ್ಲ ಎಂದು ಸಭೆಯಲ್ಲಿ ಹಲುಬಿದನಂತೆ. ಇದು ದುಃಖವಲ್ಲ, ಇನ್ನೂ ಯಾರಾದರೂ ಅಡಗಿದ್ದರೆ ಹೊರಗೆ ಬರಲಿ ಎಂಬ ಹಂಚಿಕೆ ಎಂದು ಟೂರ್ ನಗರದ ಬಿಷಪ್ ಗ್ರೆಗರಿ ತಣ್ಣಗೆ ಬರೆದಿಟ್ಟಿದ್ದಾನೆ. ಬಿಷಪ್ ಇದನ್ನೆಲ್ಲ ಬರೆದದ್ದು ಹಲವು ದಶಕಗಳ ನಂತರ, ಕೇಳಿದ ಕಥೆಗಳ ಆಧಾರದ ಮೇಲೆ. ಅವನ ಕೈಯಲ್ಲಿ ಕ್ಲೋವಿಸ್ ಒಂದಿಷ್ಟು ಹೆಚ್ಚು ಜಾಣನಾಗಿ ಕಂಡಿರಲೂಬಹುದು. ಮಕ್ಕಳು, ಮೊಮ್ಮಕ್ಕಳು ನಡೆದುಕೊಂಡ ರೀತಿಯನ್ನು ನೋಡಿದರೆ ಮಾತ್ರ ಅನುಮಾನಪಡಲು ಮನಸ್ಸು ಬರುವುದಿಲ್ಲ.

ಕ್ಲೋಡೋಮರ್ 524ರಲ್ಲಿ ಬರ್ಗಂಡಿಯನ್ನರ ಮೇಲಿನ ಯುದ್ಧದಲ್ಲಿ ಸತ್ತ. ಅವನ ವಿಧವೆಯನ್ನು ತಮ್ಮ ಕ್ಲೋಥಾರ್ ಮದುವೆಯಾದ. ಮೂವರು ಗಂಡುಮಕ್ಕಳು ಅಜ್ಜಿ ಕ್ಲೋಟಿಲ್ಡ್ ರಾಣಿಯ ಆಸರೆಯಲ್ಲಿ ಬೆಳೆಯತೊಡಗಿದರು. ಅಜ್ಜಿಯ ಮುದ್ದು ಮಿತಿಮೀರಿ ಈ ಹುಡುಗರು ಎಲ್ಲಿ ಪಾಲಿಗೆ ಬರುತ್ತಾರೋ ಎಂದು ಚಿಂತೆಗೊಳಗಾದ ಚಿಲ್ಡೆಬರ್ಟ್ ತಮ್ಮನನ್ನು ಪ್ಯಾರಿಸ್ಸಿಗೆ ಕರೆಸಿಕೊಂಡ. ಪಟ್ಟ ಕಟ್ಟಲಿಕ್ಕೆಂದು ಹೇಳಿ ಮಕ್ಕಳನ್ನು ಕರೆಸಿದರು. ಅಜ್ಜಿ ಸಂತೋಷದಿಂದ ಊಟ ಮಾಡಿಸಿಯೇ ಕಳಿಸಿದಳು. ಅದರ ಹಿಂದೆಯೇ ಅರ್ಕಾಡಿಯಸ್ ಎಂಬ ದೂತ ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಹಿರಿದ ಕತ್ತಿ ಹಿಡಿದು ರಾಣಿಯ ಎದುರು ನಿಂತು, ಮೊಮ್ಮಕ್ಕಳು ಮುಡಿ ಕತ್ತರಿಸಿಕೊಂಡು ಬದುಕಬೇಕೋ, ಸಾಯಬೇಕೋ, ಅಪ್ಪಣೆಯಾಗಲಿ ಎಂದು ಕೇಳಿದ. ಹಿರಿಯರನ್ನು ಕೇಳದೆ ಮನೆಯಲ್ಲಿ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು ಎಂಬ ಸಂಸ್ಕಾರ ಆ ಅಣ್ಣತಮ್ಮಂದಿರಲ್ಲಿ ಎಷ್ಟು ಗಟ್ಟಿಯಾಗಿತ್ತು ನೋಡಿ. ಸಿಟ್ಟು ಸಂಕಟಗಳ ನಡುವೆ ಮುದುಕಿಯ ಬಾಯಿಂದ, ಪಟ್ಟವೇ ಇಲ್ಲವೆಂದ ಮೇಲೆ ಬೋಳು ತಲೆಯ ಮೊಮ್ಮಕ್ಕಳನ್ನು ನೋಡುವುದಕ್ಕಿಂತ ಹೆಣವನ್ನೇ ನೋಡುತ್ತೇನೆ ಎಂಬ ಮಾತು ಹೊರಟಿತು. ಆಕೆ ಇನ್ನೊಮ್ಮೆ ಯೋಚಿಸುವಷ್ಟರಲ್ಲಿ ದೂತ ಹಿಂತಿರುಗಿ, ಅಮ್ಮನವರ ಒಪ್ಪಿಗೆ ಸಿಕ್ಕಿದೆ ಎಂದು ವರದಿ ಒಪ್ಪಿಸಿಬಿಟ್ಟ.

ಕ್ಲೋಥಾರ್ ಹತ್ತು ವರ್ಷದ ಹಿರಿಯ ಹುಡುಗನನ್ನು ನೆಲಕ್ಕೆ ಕೆಡವಿ ಕಂಕುಳಿಗೆ ಚೂರಿ ಹಾಕಿದ. ಏಳು ವರ್ಷದ ಕಿರಿಯವನು ಓಡಿಬಂದು ಚಿಲ್ಡೆಬರ್ಟನ ಮೊಣಕಾಲು ತಬ್ಬಿಕೊಂಡಾಗ ಚಿಕ್ಕಪ್ಪನ ಕಣ್ಣಲ್ಲಿ ನೀರು ಬಂತು. ಇದೊಂದು ಜೀವ ಉಳಿಸು, ಬೇಕಾದ್ದು ಕೊಡುತ್ತೇನೆ ಎಂದು ತಮ್ಮನನ್ನು ಬೇಡಿದ. ಈ ಕೆಲಸಕ್ಕೆ ನನ್ನನ್ನು ಎಳೆದವನು ನೀನೇ, ಈಗ ಅವನನ್ನು ಆಚೆ ತಳ್ಳು, ಇಲ್ಲದಿದ್ದರೆ ಅವನ ಬದಲು ನೀನು ಸಾಯುತ್ತೀಯೆ ಎಂದು ತಮ್ಮ ಹೇಳಿದ್ದೇ ತಡ, ಚಿಲ್ಡೆಬರ್ಟ್ ಕಣ್ಣೀರು ಒರೆಸಿಕೊಂಡು ಹುಡುಗನನ್ನು ತಳ್ಳಿದ. ಬಳಿಕ ಇಬ್ಬರೂ ಸತ್ತ ಅಣ್ಣನ ರಾಜ್ಯವನ್ನು ಸಮನಾಗಿ ಹಂಚಿಕೊಂಡರು. ಸಮನಾಗಿ ಎಂಬುದನ್ನು ಬಿಷಪ್ ಮರೆಯದೆ ದಾಖಲಿಸಿದ್ದಾನೆ. ಮೂರನೆಯ ಹುಡುಗ ಕ್ಲೋಡೋಆಲ್ಡ್ ತಪ್ಪಿಸಿಕೊಂಡು, ತನ್ನ ಮುಡಿಯನ್ನು ತಾನೇ ಕತ್ತರಿಸಿಕೊಂಡು ಪಾದ್ರಿಯಾಗಿ, ಕೊನೆಗೆ ಸಂತನೂ ಆದ. ಪ್ಯಾರಿಸ್ಸಿನ ಮಗ್ಗುಲಿನ ಸಾಂ ಕ್ಲೂ ಎಂಬ ಊರು ಇಂದಿಗೂ ಅವನ ಹೆಸರಿನಲ್ಲಿದೆ. ಆ ಮನೆಯಲ್ಲಿ ಹುಟ್ಟಿ ಸಾವಧಾನವಾಗಿ ಬದುಕಿದ ಕೆಲವರಲ್ಲಿ ಅವನೊಬ್ಬ.

ಕತ್ತರಿಗೆ ಇಷ್ಟು ಅಧಿಕಾರವಿದ್ದದ್ದು ಯಾಕೆಂದರೆ, ಈ ಮನೆತನದ, ಅಂದರೆ ಮೆರೋವಿಂಜಿಯನ್ ವಂಶದ, ಗಂಡುಮಕ್ಕಳ ಉದ್ದ ಕೂದಲೇ ಅವರ ರಾಜತ್ವದ ದಾಖಲೆಪತ್ರವಾಗಿತ್ತು. ಆಳುವ ಯೋಗ್ಯತೆ, ವಿದ್ಯೆ, ಪ್ರಜೆಗಳ ಒಲವು ಇವೆಲ್ಲ ಇದ್ದರೆ ಸಂತೋಷ. ಹೆಗಲಿಗೆ ಇಳಿಯುವ ಕೂದಲು ಮಾತ್ರ ಇರಲೇಬೇಕು. ಈ ವ್ಯವಸ್ಥೆಯ ಒಂದೇ ದೋಷವೆಂದರೆ ಕೂದಲು ಮತ್ತೆ ಬೆಳೆಯುತ್ತದೆ. ಗುಂಡೋವಾಲ್ಡ್ ಎಂಬವನ ತಾಯಿ, ಇವನು ಕ್ಲೋಥಾರನ ಮಗ ಎಂದು ಹೇಳಿ ಅವನ ಕೂದಲನ್ನು ಉದ್ದ ಬಿಟ್ಟು ಬೆಳೆಸಿದಳು. ಇವನನ್ನು ನಾನು ಹುಟ್ಟಿಸಿಲ್ಲ ಎಂದು ಕ್ಲೋಥಾರ್ ಅದನ್ನು ಕತ್ತರಿಸಿದ. ಕ್ಲೋಥಾರ್ ಸತ್ತ ಮೇಲೆ ಕೂದಲು ಬೆಳೆಯಿತು. ಕ್ಲೋಥಾರನ ಮಗ ಸಿಗಿಬರ್ಟ್ ಮತ್ತೆ ಕತ್ತರಿಸಿ ಕಲೋನಿಗೆ ಅಟ್ಟಿದ. ಅಲ್ಲಿಂದ ಓಡಿದವನು ಇನ್ನೊಮ್ಮೆ ಕೂದಲು ಬೆಳೆಸಿ, ಇಟಲಿಯ ಮೂಲಕ ಕಾನ್‌ಸ್ಟಾಂಟಿನೋಪಲ್ ಸೇರಿ, 582ರಲ್ಲಿ ಬೈಜಾಂಟಿಯಂನ ಹಣದೊಂದಿಗೆ ಗಾಲ್‌ಗೆ ಮರಳಿದ. ಅವನ ಬೆಂಬಲಿಗರು ಪದ್ಧತಿಯಂತೆ ಅವನನ್ನು ಗುರಾಣಿಯ ಮೇಲೆ ನಿಲ್ಲಿಸಿ ಮೆರೆಸುವಾಗ ಮೂರನೆಯ ಸುತ್ತಿನಲ್ಲಿ ಆಯ ತಪ್ಪಿ ಬಿದ್ದು, ಸುತ್ತ ನಿಂತವರು ಕಷ್ಟಪಟ್ಟು ಎತ್ತಿ ಹಿಡಿದರಂತೆ. 585ರಲ್ಲಿ ಅದೇ ಬೆಂಬಲಿಗರು ಅವನನ್ನು ಶತ್ರುಗಳಿಗೆ ಒಪ್ಪಿಸಿದರು. ಕೊಂದವರು ಹೆಣದ ಕೂದಲನ್ನೂ ಗಡ್ಡವನ್ನೂ ಕಿತ್ತುಹಾಕಿದರು. ಮೂರನೆಯ ಸಲ ಬೆಳೆಯುವ ಅಪಾಯವನ್ನು ಯಾರೂ ಮೈಮೇಲೆ ಎಳೆದುಕೊಳ್ಳಲಿಲ್ಲ.

ಇತ್ತ ಕ್ಲೋಥಾರ್ ಅಣ್ಣಂದಿರಿಗಿಂತ ಹೆಚ್ಚು ಕಾಲ ಬದುಕಿದ ಒಂದೇ ಅರ್ಹತೆಯಿಂದ 558ರಲ್ಲಿ ಇಡೀ ರಾಜ್ಯಕ್ಕೆ ಒಡೆಯನಾದ. ಅವನಿಗೂ ನಾಲ್ವರು ಮಕ್ಕಳು ಉಳಿದಿದ್ದರಿಂದ 561ರಲ್ಲಿ ಎಲ್ಲವೂ ಮೊದಲಿನಿಂದ ಶುರುವಾಯಿತು. ಆ ನಾಲ್ವರಲ್ಲಿ ಒಬ್ಬನಾದ ಚಾರಿಬರ್ಟ್ 567ರಲ್ಲಿ ಸತ್ತಾಗ ಅವನ ರಾಜ್ಯವನ್ನು ಉಳಿದ ಮೂವರು ಊರೂರು ಲೆಕ್ಕ ಹಾಕಿ ಹಂಚಿಕೊಂಡರು. ಪ್ಯಾರಿಸ್ಸನ್ನು ಯಾರೂ ಬಿಡಲು ಒಪ್ಪದಿದ್ದರಿಂದ ಅದು ಮೂವರಿಗೂ ಸೇರಿದ್ದು, ಆದರೆ ಇತರರ ಒಪ್ಪಿಗೆಯಿಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ, ಕಾಲಿಟ್ಟವನು ಪಾಲು ಕಳೆದುಕೊಂಡು ಮೂವರು ಸಂತರ ಶಾಪಕ್ಕೆ ಗುರಿಯಾಗತಕ್ಕದ್ದು ಎಂದು ಕರಾರಾಯಿತು. 583ರ ಈಸ್ಟರ್‌ಗೆ ಆ ಮೂವರಲ್ಲೊಬ್ಬನಾದ ಚಿಲ್ಪೆರಿಕ್‌ಗೆ ಪ್ಯಾರಿಸ್ಸಿಗೆ ಹೋಗುವ ಮನಸ್ಸಾಯಿತು. ಅವನು ಬೇರೆ ಬೇರೆ ಸಂತರ ಪವಿತ್ರ ಅವಶೇಷಗಳನ್ನು ಮುಂದೆ ಹೊರಿಸಿಕೊಂಡು, ಶಾಪ ತಟ್ಟದಂತೆ ಅವುಗಳ ಹಿಂದೆ ಊರು ಹೊಕ್ಕ. ಕರಾರಿನ ಮೂವರು ಸಂತರ ವಿರುದ್ಧ ಅದಕ್ಕಿಂತ ಹೆಚ್ಚು ಸಂತರು ಎಂಬ ಈ ವಾದಕ್ಕೆ ಎದುರುವಾದವೇ ಇರಲಿಲ್ಲ. ಮಾರ್ಸೇಯ್ ಬಂದರಿನಲ್ಲಿ ಅರ್ಧ ಒಬ್ಬನದು, ಅರ್ಧ ಇನ್ನೊಬ್ಬನದು. ಸಾನ್ಲಿಸ್ ಎಂಬ ಪುಟ್ಟ ಊರಿನ ಮೂರನೆಯ ಒಂದು ಭಾಗದ ಪರಿಹಾರವನ್ನು 587ರ ಆಂಡೆಲೋ ಒಪ್ಪಂದದಲ್ಲಿ ಇಬ್ಬರು ದೊರೆಗಳು ಕೂತು ಇತ್ಯರ್ಥ ಮಾಡಬೇಕಾಯಿತು.

584ರಲ್ಲಿ ಚಿಲ್ಪೆರಿಕ್ ಕೊಲೆಯಾದಾಗ ಅವನ ಮಗ ಕೆಲವೇ ತಿಂಗಳ ಕೂಸು. ಆ ತಲೆಯಲ್ಲಿ ದಾಖಲೆಯಾಗಬಲ್ಲ ಕೂದಲು ಬೆಳೆದಿರಲಿಲ್ಲ. ಕೂಸು ನಿಜಕ್ಕೂ ತಮ್ಮನದೇ ಹೌದೋ ಅಲ್ಲವೋ ಎಂದು ಅಣ್ಣ ಗುಂಟ್ರಾಮ್ ದೊರೆಗೆ ಶಂಕೆ ಬಂದಾಗ, ತಾಯಿ ಫ್ರೆಡೆಗುಂಡ್ ಮೂವರು ಬಿಷಪ್ಪರನ್ನೂ 300 ಮಂದಿ ಗಣ್ಯರನ್ನೂ ಕರೆತಂದು ಇದು ಚಿಲ್ಪೆರಿಕ್‌ನ ಮಗುವೇ ಎಂದು ಆಣೆ ಮಾಡಿಸಿದಳು. ಗಂಡಹೆಂಡಿರಿಬ್ಬರಿಗೆ ಮಾತ್ರ ತಿಳಿದಿರಬಹುದಾದ ವಿಷಯಕ್ಕೆ 303 ಸಾಕ್ಷಿಗಳು ಸಿಕ್ಕ ಪ್ರಕರಣ ಬೇರೆಲ್ಲಾದರೂ ಇದ್ದರೆ ಕಾನೂನು ಬಲ್ಲವರು ಹೇಳಬೇಕು. ಆ ಗುಂಟ್ರಾಮ್ ತಾನೂ ಪ್ಯಾರಿಸ್ಸಿನ ಚರ್ಚಿನಲ್ಲಿ ಜನರ ಎದುರು ನಿಂತು, ನನ್ನ ಸೋದರರನ್ನು ಕೊಂದಂತೆ ನನ್ನನ್ನು ಕೊಲ್ಲಬೇಡಿ, ಸೋದರನ ಮಕ್ಕಳು ಬೆಳೆಯುವ ತನಕ ಮೂರು ವರ್ಷವಾದರೂ ಬಿಡಿ ಎಂದು ಕೇಳಿಕೊಂಡಿದ್ದ. ದೊರೆಯೊಬ್ಬ ಪ್ರಜೆಗಳ ಮುಂದಿಟ್ಟ ಬೇಡಿಕೆಗಳಲ್ಲಿ ಇದಕ್ಕಿಂತ ವಿನಯದ್ದು ಸಿಗುವುದು ಕಷ್ಟ. ಪ್ರಜೆಗಳು ಉದಾರಿಗಳಾಗಿ 592ರವರೆಗೂ ಬಿಟ್ಟರು.

ಮುಂದಿನ ನೂರೈವತ್ತು ವರ್ಷಗಳ ಕಥೆ ಬೇಗ ಮುಗಿಯುತ್ತದೆ. ಅರಮನೆಯ ಮೇಲ್ವಿಚಾರಕರು ಆಳತೊಡಗಿದರು, ಕೂದಲಿದ್ದವರು ಸಿಂಹಾಸನದಲ್ಲಿ ಕೂತರು. 737ರಲ್ಲಿ ನಾಲ್ಕನೆಯ ಥ್ಯೂಡೆರಿಕ್ ಸತ್ತಾಗ ಮೇಲ್ವಿಚಾರಕ ಚಾರ್ಲ್ಸ್ ಮಾರ್ಟೆಲ್ ಇನ್ನೊಬ್ಬನನ್ನು ಹುಡುಕುವ ಗೋಜಿಗೇ ಹೋಗಲಿಲ್ಲ. ದೊರೆ ಸತ್ತು ಇಷ್ಟನೆಯ ವರ್ಷ ಎಂದು ಪತ್ರಗಳಿಗೆ ತಾರೀಖು ಹಾಕುತ್ತ ಆಡಳಿತ ಸರಾಗವಾಗಿ ನಡೆಯಿತು. 743ರಲ್ಲಿ ಮತ್ತೊಬ್ಬ ದೊರೆ ಸಿಕ್ಕ. 751ರಲ್ಲಿ ಅವನ ಕೂದಲನ್ನೂ ಕತ್ತರಿಸಿ ಮಠಕ್ಕೆ ಕಳಿಸಲಾಯಿತು. ಅಧಿಕಾರ ಇರುವವನೇ ರಾಜ ಎನಿಸಿಕೊಳ್ಳುವುದು ಮೇಲು ಎಂದು ಪೋಪ್ ಜಕಾರಿಯಸ್ ಅದಾಗಲೇ ಅಭಿಪ್ರಾಯ ಕೊಟ್ಟಿದ್ದ.

ಆ ಮೇಲ್ವಿಚಾರಕರದೇ ಆದ ಹೊಸ ಕರೋಲಿಂಜಿಯನ್ ರಾಜವಂಶ ಸುಧಾರಣಾವಾದಿ. ಆ ವಂಶದ ಚಕ್ರವರ್ತಿ ಶಾರ್ಲ್‌ಮೇನ್ 806ರಲ್ಲಿ ಮೂವರು ಮಕ್ಕಳಿಗೆ ಸಾಮ್ರಾಜ್ಯ ಹಂಚುವ ಪತ್ರ ಬರೆಸಿದಾಗ, ಅಣ್ಣತಮ್ಮಂದಿರ ಮಕ್ಕಳನ್ನು ಸರಿಯಾದ ವಿಚಾರಣೆಯಿಲ್ಲದೆ ಕೊಲ್ಲುವುದು, ಅಂಗಹೀನ ಮಾಡುವುದು, ಕಣ್ಣು ಕೀಳುವುದು, ಬಲವಂತವಾಗಿ ಕೂದಲು ಕತ್ತರಿಸುವುದು ಕೂಡದು ಎಂದು ಸ್ಪಷ್ಟವಾಗಿ ಸೇರಿಸಿದ. ಮೊಮ್ಮಕ್ಕಳಿಗೆ ತಾತ ಬಿಟ್ಟುಹೋಗಬಹುದಾದ ಅತ್ಯಂತ ಅಕ್ಕರೆಯ ವಾಕ್ಯ ಇದು. ಮೂವರಲ್ಲಿ ಇಬ್ಬರು ಅಪ್ಪನಿಗಿಂತ ಮೊದಲೇ ಸತ್ತು, ಉಳಿದ ಲೂಯಿ ಆ ಷರತ್ತಿನ ಮರ್ಮವನ್ನು ಚೆನ್ನಾಗಿ ಗ್ರಹಿಸಿದ: 818ರಲ್ಲಿ ಸೋದರನ ಮಗ ಬರ್ನಾರ್ಡನ ಕಣ್ಣು ಕೀಳಿಸುವ ಮುಂಚೆ ವಿಚಾರಣೆ ನಡೆಸಿದ. ಹುಡುಗ ಅದರಿಂದಲೇ ಸತ್ತ.

ಲೂಯಿಯ ಮಕ್ಕಳ ಜಗಳ ಯುದ್ಧದಲ್ಲೂ ತೀರದೆ, 842ರಲ್ಲಿ ಪಾಲು ಮಾಡಲು ಪಂಚರನ್ನು ನೇಮಿಸುವ ತೀರ್ಮಾನವಾಯಿತು. ಒಬ್ಬೊಬ್ಬರ ಕಡೆಯಿಂದ 40ರಂತೆ 120 ಮಂದಿ. ಪಂಚರು ಕೂತ ಮೇಲೆ, ಇಡೀ ಸಾಮ್ರಾಜ್ಯವನ್ನು ಬಲ್ಲವರು ಯಾರಾದರೂ ಇದ್ದೀರಾ ಎಂಬ ಪ್ರಶ್ನೆ ಬಂತು. ಒಬ್ಬರೂ ಇರಲಿಲ್ಲ. ಏನೆಂದು ಗೊತ್ತಿಲ್ಲದ್ದನ್ನು ಸಮನಾಗಿ ಹಂಚುತ್ತೇವೆಂದು ಪ್ರಮಾಣ ಮಾಡುವುದು ಹೇಗೆ ಎಂಬ ತೊಡಕಿನ ಪರಿಹಾರಕ್ಕೆ ಮುಂದಿನ ವರ್ಷದ ವೆರ್ಡನ್ ಒಪ್ಪಂದದವರೆಗೆ ಕಾಯಬೇಕಾಯಿತು. ಹಿರಿಯ ಲೋಥಾರನ ಪಾಲಿಗೆ ಉತ್ತರ ಸಮುದ್ರದಿಂದ ಇಟಲಿಯವರೆಗೆ ಉದ್ದನೆಯ ಒಂದು ಪಟ್ಟಿ ಬಂತು. ಅವನು 855ರಲ್ಲಿ ಅದನ್ನೂ ತನ್ನ ಮೂವರು ಮಕ್ಕಳಿಗೆ ಅಡ್ಡಡ್ಡ ಕತ್ತರಿಸಿ ಕೊಟ್ಟು ಕಣ್ಣುಮುಚ್ಚಿದ. ಅವರಲ್ಲಿ ನಡುವಿನವನು 869ರಲ್ಲಿ ಸತ್ತಾಗ ಅವನ ಪಾಲಿನ ಹತ್ತಿರದ ಹಕ್ಕುದಾರ, ಅಣ್ಣ ಎರಡನೆಯ ಲೂಯಿ, ದಕ್ಷಿಣ ಇಟಲಿಯ ಬಾರಿ ಪಟ್ಟಣಕ್ಕಾಗಿ ಅರಬರೊಂದಿಗೆ ಹೋರಾಡುತ್ತಿದ್ದ. ಅವನಿಗೆ ತೊಂದರೆ ಕೊಡಬಾರದೆಂದು ಇಬ್ಬರು ಚಿಕ್ಕಪ್ಪಂದಿರೇ 870ರಲ್ಲಿ ಮೀರ್ಸೆನ್‌ನಲ್ಲಿ ಸೇರಿ, ಊರು, ಮಠ, ಕೌಂಟಿಗಳ ಹೆಸರನ್ನು ಒಂದೊಂದಾಗಿ ಬರೆಸಿ, ಅಣ್ಣನ ಮಗನ ರಾಜ್ಯವನ್ನು ಎರಡು ಪಾಲು ಮಾಡಿಕೊಂಡರು.