ಡಿಸ್ಕ್ ಹೊಸದು, ವಿಂಡೋಸ್ ಮಾತ್ರ ಹಳೆಯದರಲ್ಲೇ

ಲಗ್ನಪತ್ರಿಕೆ, ಬಿಲ್ ಪುಸ್ತಕ, ವೈಕುಂಠ ಸಮಾರಾಧನೆಯ ಕಾರ್ಡು ಇವುಗಳನ್ನು ಅಚ್ಚು ಹಾಕಿಕೊಡುವ ಸಣ್ಣ ಡಿಟಿಪಿ ಅಂಗಡಿ ನನ್ನದು. ಅಲ್ಲಿರುವ ಒಂದೇ ಕಂಪ್ಯೂಟರು ಬೆಳಿಗ್ಗೆ ಆನ್ ಮಾಡಿದರೆ ಕೆಲಸಕ್ಕೆ ಒದಗಲು ಐದಾರು ನಿಮಿಷ ಹಿಡಿಯುತ್ತಿತ್ತು. ನಾನು ಕಸ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಬಂದರೂ ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. “ಎಸ್‌ಎಸ್‌ಡಿ ಹಾಕಿಸಿ ಸಾರ್, ಇರೋದನ್ನೆಲ್ಲ ಹಾಗೇ ಕ್ಲೋನ್ ಮಾಡ್ಕೋಬಹುದು, ಅರ್ಧ ಗಂಟೆ ಕೆಲಸ” ಎಂದು ಅಂಗಡಿಯವನು ಹೇಳಿದ ಮಾತನ್ನು ನಂಬಿ, ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ್ದೆಂಬ ಆ ಎಸ್‌ಎಸ್‌ಡಿಯನ್ನು, 500 ಜಿಬಿಯದನ್ನು, ಕೊಂಡು ತಂದೆ. ಆ ಅರ್ಧ ಗಂಟೆ ನನ್ನ ಐದು ದಿನಗಳನ್ನು ನುಂಗಿತು.

ಹೊಸ ಡಿಸ್ಕಿಗೆ ವಿಂಡೋಸನ್ನು ಹೊಸದಾಗಿಯೇ ಹಾಕಿಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಾರು ವರ್ಷಗಳ ಕೆಲಸವೆಲ್ಲ ಇರುವುದು ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ 7ರಲ್ಲಿ, ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿ. ಪೇಜ್‌ಮೇಕರ್‌ನ ಆ ಆವೃತ್ತಿ ಬಂದದ್ದು 2001ರಲ್ಲಿ. ನನ್ನ ಬಳಿ ಇದ್ದ ಸಿಡಿ ಎಂದೋ ಗೀರುಬಿದ್ದು ಹೋಗಿದೆ. ಆ ಫಾಂಟಿಲ್ಲದೆ ಕಡತ ತೆರೆದರೆ ವಧುವಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಇದನ್ನು ಎಷ್ಟು ವಿವರಿಸಿದರೂ, ರಿಪೇರಿಯವರೆಲ್ಲರ ಬಾಯಲ್ಲಿ ಇರುವುದು ಒಂದೇ ಔಷಧ: “ಫಾರ್ಮ್ಯಾಟ್ ಹೊಡೆದುಬಿಡಿ ಸಾರ್.” ಮಗುವಿಗೆ ನೆಗಡಿಯಾದರೂ ಇವರು ಫಾರ್ಮ್ಯಾಟ್ ಹೊಡೆಯಲು ಹೇಳಿಯಾರು.

ಉಚಿತವೆಂದು ಘೋಷಿಸಿಕೊಂಡ ಒಂದು ಕ್ಲೋನಿಂಗ್ ತಂತ್ರಾಂಶವನ್ನು ಇಳಿಸಿಕೊಂಡೆ. ಯಾವ ಡಿಸ್ಕಿನಿಂದ ಯಾವ ಡಿಸ್ಕಿಗೆ ಎಂದು ಒಂದೊಂದಾಗಿ ಕೇಳಿ, ನನ್ನಿಂದ ಎಲ್ಲವನ್ನೂ ಆಯ್ಕೆ ಮಾಡಿಸಿ, ಕೊನೆಯ ಗುಂಡಿ ಒತ್ತಿದ ಮೇಲೆ, ವಿಂಡೋಸ್ ಇರುವ ಡಿಸ್ಕನ್ನು ನಕಲಿಸಬೇಕಾದರೆ ಹಣ ಕಟ್ಟಬೇಕು ಎಂದು ಅದು ಬಾಯಿಬಿಟ್ಟಿತು. ಆ ಮಾತನ್ನು ಮೊದಲ ಪುಟದಲ್ಲೇ ಹೇಳಲು ಇವರಿಗೇನು ರೋಗ? ಬೈದುಕೊಂಡೇ ಕಟ್ಟಿದೆ. ಶನಿವಾರ ರಾತ್ರಿ ಮೂರು ಗಂಟೆ ಕಾಲ ತೆವಳಿ, ಕಾರ್ಯ ಯಶಸ್ವಿ ಎಂಬ ಹಸಿರು ಗುರುತು ತೋರಿಸಿತು.

ಸೋಮವಾರ ಮತ್ತು ಮಂಗಳವಾರ ಎರಡೂ ಡಿಸ್ಕುಗಳನ್ನು ಒಳಗಿಟ್ಟುಕೊಂಡೇ ಕೆಲಸ ಮಾಡಿದೆ. ಆನ್ ಆಗಲು ಅದೇ ಐದಾರು ನಿಮಿಷ. ಮೊದಮೊದಲು ಹೀಗೇ ಇರಬಹುದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆನಲ್ಲ, ಆ ಪೆದ್ದುತನಕ್ಕೆ ಈಗಲೂ ಮೈ ಉರಿಯುತ್ತದೆ. ಬುಧವಾರ ಅನುಮಾನ ಬಂದು ಟಾಸ್ಕ್ ಮ್ಯಾನೇಜರ್ ತೆರೆದರೆ, ಹಳೆಯ ಹಾರ್ಡ್ ಡಿಸ್ಕ್ ನೂರಕ್ಕೆ ನೂರು ಏದುಸಿರು ಬಿಡುತ್ತಿತ್ತು. ಹೊಸದರ ಮುಂದೆ ಸೊನ್ನೆ. ಹಳೆಯದರ ಕೇಬಲ್ ಕಿತ್ತು ಆನ್ ಮಾಡಿದೆ. ಬೂಟ್ ಆಗುವ ಡಿಸ್ಕೇ ಇಲ್ಲವೆಂಬ ಒಂದು ಸಾಲು ಕಪ್ಪು ಪರದೆಯ ಮೇಲೆ ಬಂದು ನಿಂತಿತು.

ಆದದ್ದು ಇಷ್ಟು. ವಿಂಡೋಸ್ ಇರುವುದು ಸಿ ಡ್ರೈವಿನಲ್ಲಾದರೂ, ಈಗಿನ ಕಂಪ್ಯೂಟರು ಆನ್ ಆದಾಗ ಮೊದಲು ಹುಡುಕುವುದು ಇಎಫ್‌ಐ ಎಂಬ ಬೇರೊಂದು ವಿಭಾಗವನ್ನು. ಅದು ಸಾಮಾನ್ಯವಾಗಿ 100 ಎಂಬಿಯಷ್ಟು ಇರುತ್ತದೆ, ಡ್ರೈವುಗಳ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ನಾನು ಹಣ ತೆತ್ತ ತಂತ್ರಾಂಶ ತಾನಾಗಿಯೇ ಸಿ ಡ್ರೈವಿಗೆ ಮಾತ್ರ ಗುರುತು ಹಾಕಿಕೊಂಡು ಈ ವಿಭಾಗವನ್ನು ಬಿಟ್ಟುಬಿಟ್ಟಿತ್ತು. ಮನೆಯ ಸಾಮಾನನ್ನೆಲ್ಲ ಲಾರಿಗೆ ಹೇರಿ, ಬೀಗದ ಕೈಯನ್ನು ಹಳೆಯ ಮನೆಯ ಮೊಳೆಗೇ ನೇತುಹಾಕಿ ಬಂದು, ಸಾಗಾಣಿಕೆ ಯಶಸ್ವಿ ಎಂದು ಕೂಲಿ ಕೇಳುವುದು ಯಾವ ಸೀಮೆಯ ನ್ಯಾಯ? ಅವರ ಸಹಾಯ ವಿಭಾಗಕ್ಕೆ ಬರೆದರೆ, ಇನ್ನೊಮ್ಮೆ ಮೊದಲಿನಿಂದ ನಕಲಿಸಿ ನೋಡಿ ಎಂಬ ಉತ್ತರ ಬಂತು.

ಕೊನೆಗೆ ಪರಿಚಯದ ಹುಡುಗನೊಬ್ಬ ಗುರುವಾರ ರಾತ್ರಿ ಫೋನಿನಲ್ಲೇ ದಾರಿ ತೋರಿಸಿದ. ವಿಂಡೋಸ್ ಹಾಕುವ ಪೆನ್ ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿ, ಡಿಸ್ಕನ್ನು ವಿಭಾಗಿಸುವ ಡಿಸ್ಕ್‌ಪಾರ್ಟ್ ಎಂಬ ಸಾಧನದಲ್ಲಿ ಸಿ ಡ್ರೈವನ್ನು ತುಸು ಕುಗ್ಗಿಸಿ, ಸಿಕ್ಕ ಜಾಗದಲ್ಲಿ ಇಎಫ್‌ಐ ವಿಭಾಗ ಮಾಡಿ ಅದನ್ನು ಫ್ಯಾಟ್32 ಎಂಬ ಕಡತ ವ್ಯವಸ್ಥೆಗೆ ಸಿದ್ಧಪಡಿಸಿ, ಬಿಸಿಡಿಬೂಟ್ ಎಂಬ ಒಂದು ಸಾಲಿನ ಆದೇಶ ಕೊಟ್ಟದ್ದೇ ತಡ, ಬೂಟ್ ಕಡತಗಳು ಸಿದ್ಧವಾದವು. ಬಿಸಿಡಿಬೂಟ್ ವಿಂಡೋಸಿನ ಜೊತೆಗೇ ಬರುವ ಸಾಧನ. ಅದಕ್ಕೆ ಬಿಡಿಗಾಸೂ ಬೇಕಿಲ್ಲ. ಈಗ ಅರ್ಧ ನಿಮಿಷದೊಳಗೆ ಕೆಲಸಕ್ಕೆ ಕೂರಬಹುದು.

ಆದರೆ ಸೋಮವಾರ, ಮಂಗಳವಾರ ನಾನು ತಿದ್ದಿದ್ದೆಲ್ಲ ಉಳಿದದ್ದು ಹಳೆಯ ಡಿಸ್ಕಿನಲ್ಲಿ. ಹೊಸದರಲ್ಲಿ ಇದ್ದದ್ದು ಶನಿವಾರದ ಪ್ರತಿ. ಕಂಪ್ಯೂಟರು ಎದ್ದ ಖುಷಿಯಲ್ಲಿ ಅದು ನೆನಪಿಗೇ ಬರದೆ, ಶುಕ್ರವಾರ ಬೆಳಿಗ್ಗೆ ಒಂದು ಲಗ್ನಪತ್ರಿಕೆಯನ್ನು ನೇರವಾಗಿ ಅಚ್ಚಿಗೆ ಕಳಿಸಿದೆ. ಹುಡುಗಿಯ ತಂದೆ ಮಂಗಳವಾರ ನನ್ನೆದುರೇ ಕೂತು ಮುಹೂರ್ತದ ವೇಳೆಯನ್ನು 10.40 ಎಂದು ತಿದ್ದಿಸಿ ಹೋಗಿದ್ದರು. ಅಚ್ಚಾಗಿ ಬಂದ 400 ಕಾರ್ಡುಗಳಲ್ಲಿಯೂ 9.15 ಎಂದೇ ಇದೆ. ಎರಡನೆಯ ಸಲದ ಕಾಗದ, ಮುದ್ರಣ ಎರಡೂ ನನ್ನ ಖರ್ಚು.